ಹುಳದ ಮದ್ದು, ಒಂದು ಚಮಚ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಏತದ ಸದ್ದು ನಿಂತಿತು. ಸಮಯ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಸೌತೆಕಾಯಿಯ ಗೋಣಿಯನ್ನು ಎಂಟೂ ನಲವತ್ತರ ಬಸ್ಸಿಗೆ ಮುಟ್ಟಿಸಲು ಹೊತ್ತು ಉಂಟೋ ಇಲ್ಲವೋ ಎಂದು ನಾನು ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ. ಏತ ಎಳೆಯುವ ಮಾವ ಪ್ರತಿ ಬಾಲ್ದಿ ನೀರಿಗೂ ಗಟ್ಟಿಯಾಗಿ ಎಣಿಸುವವರು. ಅರವತ್ತನಾಲ್ಕು ಎಂದದ್ದು ಕೇಳಿಸಿತು. ಅರವತ್ತೈದು ಬರಲಿಲ್ಲ.

ಬೀಡಿಗೆಂದು ನಿಂತಿರಬಹುದು ಎಂದುಕೊಳ್ಳುವಂತಿರಲಿಲ್ಲ. ಅವರು ಬೀಡಿ ಸೇದುವವರಲ್ಲ. ಗದ್ದೆಯ ಈ ತುದಿಯಲ್ಲಿ ನನ್ನೊಡನೆ ಬಳ್ಳಿ ನೋಡುತ್ತಿದ್ದ ಅಕ್ಕ ತಲೆ ಎತ್ತಿ, "ನೂರಕ್ಕೆ ಮೊದಲು ನಿಲ್ಲಿಸಿದ್ದೇ ಇಲ್ಲ ಇವರು," ಎಂದರು. ಇಬ್ಬರೂ ಕೆರೆಯ ಕಡೆಗೆ ನಡೆದೆವು. ಮೊದಲು ನಡೆದೆವು, ಆಮೇಲೆ ಓಡಿದೆವು.

ಆ ವರ್ಷ ನಾನು ಬೆಳ್ತಂಗಡಿ ತಾಲೂಕಿನಲ್ಲಿ ರೈತರಿಗೆ ಹೊಸ ಬೇಸಾಯ ಹೇಳಿಕೊಡುವ ಗ್ರಾಮಸೇವಕ. ಅರವತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೆ, ಎಲೆಯ ನರಗಳ ಹೆಸರು ಇಂಗ್ಲಿಷಿನಲ್ಲಿ ಬರುತ್ತಿತ್ತು, ಒಂದು ಗದ್ದೆಗೆ ಎಷ್ಟು ಬಾಲ್ದಿ ನೀರು ಬೇಕು ಎಂಬುದು ಗೊತ್ತಿರಲಿಲ್ಲ. ನಾನು ಅಕ್ಕ ಎಂದು ಕರೆಯುತ್ತಿದ್ದವರ ಮನೆ ಮೂಡುಬಿದಿರೆಗೆ ಹೋಗುವ ರಸ್ತೆಯಿಂದ ಅರ್ಧ ಮೈಲು ಒಳಗೆ. ಜೈನರ ಮನೆ. ಬೆಳ್ಳುಳ್ಳಿ ಹೊಸ್ತಿಲು ದಾಟಿದ್ದಿಲ್ಲ. ಸೂರ್ಯ ಮುಳುಗಿದ ಮೇಲೆ ಯಾರೂ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಅಕ್ಕನ ಗಂಡ ಘಟ್ಟದ ಮೇಲೆ ಒಂದು ಕಾಫಿ ತೋಟದಲ್ಲಿ ರೈಟರು, ಮಳೆಗಾಲಕ್ಕೆ ಮಾತ್ರ ಊರಿಗೆ ಬರುವವರು. ಮನೆಯಲ್ಲಿ ಅಕ್ಕ, ಮತ್ತು ಅವರ ತಾಯಿಯ ತಮ್ಮ. ಅವರನ್ನು ನಾನೂ ಮಾವ ಎಂದೇ ಕರೆಯುತ್ತಿದ್ದೆ. ಐದನೆಯ ಕ್ಲಾಸಿನವರೆಗೆ ಓದಿದವರು. ಬಸ್ಸಿನ ಬೋರ್ಡಿನಿಂದ ಹಿಡಿದು ಬೆಂಕಿಪೆಟ್ಟಿಗೆಯವರೆಗೆ ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಓದಿಯೇ ಬಿಡುವ ಚಾಳಿ ಅವರಿಗೆ. ನನ್ನನ್ನು ಕಂಡ ಮೊದಲ ದಿನವೇ, "ಸೈಕಲ್ ಮೇಲೆ ಬರುವ ಸೇವಕರನ್ನು ಇವತ್ತೇ ನೋಡಿದ್ದು. ಸೇವೆ ಮಾಡುವುದಾದರೆ ಒಂದೆರಡು ಬಾಲ್ದಿ ಎತ್ತಿ ನೋಡುವ," ಎಂದು ಏತದ ಮುಂದೆ ನಿಲ್ಲಿಸಿದ್ದರು. ಎಂಟು ಬಾಲ್ದಿಗೆ ನನ್ನ ಅಂಗೈಯಲ್ಲಿ ಬೊಕ್ಕೆ ಬಂದಿತ್ತು.

ಸುಗ್ಗಿಯ ಕೊಯ್ಲು ಮುಗಿದ ಮೇಲೆ ಮನೆಯ ಮುಂದಿನ ಎರಡು ಗದ್ದೆಗಳಲ್ಲಿ ಬೇಸಗೆಯ ತರಕಾರಿ. ಸೌತೆ, ಬೆಂಡೆ, ಅಲಸಂಡೆ, ಹರಿವೆ, ಬದಿಯಲ್ಲಿ ಒಂದೆರಡು ಕುಂಬಳದ ಬಳ್ಳಿ. ಗೆಡ್ಡೆಯ ಜಾತಿಯದು ಯಾವುದೂ ಇಲ್ಲ. ಸೆಗಣಿಯಲ್ಲಿ ಸೇರಿಸಿ ಗೋಡೆಗೆ ತಟ್ಟಿ ಕಾಪಾಡಿದ ಹಳೆಯ ಬೀಜ. ಗೊಬ್ಬರಕ್ಕೆ ಸುಡುಮಣ್ಣು: ತರಗೆಲೆಯ ಮೇಲೆ ಮಣ್ಣು ಪೇರಿಸಿ, ಒಳಗೆ ಬೆಂಕಿ ಕೊಟ್ಟು, ಎರಡು ದಿನ ಹೊಗೆಯಾಡಲು ಬಿಟ್ಟು ತೆಗೆದದ್ದು. ಬೆಂಕಿ ಕೊಡುವ ಮೊದಲು ಅಕ್ಕ ಆ ರಾಶಿಯನ್ನು ಕೋಲಿನಿಂದ ಮೆಲ್ಲಗೆ ಬಡಿದು, ಒಂದು ಬದಿ ತೆರೆದಿಟ್ಟು, ಒಂದು ಗಂಟೆ ಕಾಯುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಒಳಗೆ ಇರುವವು ಹೋಗಬೇಕಲ್ಲ," ಎಂದರು. ನಾನು ನಕ್ಕಿದ್ದೆ. ಆ ನಗು ಈಗ ನೆನಪಾದರೆ ಹಿತವೆನಿಸುವುದಿಲ್ಲ.

ಸೌತೆ ನಾಲ್ಕು ಎಲೆ ಬಿಟ್ಟಾಗ ಕೆಂಪು ದುಂಬಿ ಬಿತ್ತು. ಬೆಳಿಗ್ಗೆ ಇದ್ದ ಎಲೆ ಸಂಜೆಗೆ ಜರಡಿ. ಇಬ್ಬನಿ ಆರುವ ಮೊದಲು ಒಲೆಯ ಬೂದಿ ಉದುರಿಸಿ ನೋಡಿದರು. ಒಂದು ವಾರ ತಡೆಯಿತು, ಆಮೇಲೆ ಅದೂ ಸಾಲಲಿಲ್ಲ. ಅಕ್ಕ ದುಂಬಿಗಳನ್ನು ಒಂದೊಂದಾಗಿ ಹಿಡಿದು ತೆಂಗಿನ ಗೆರಟೆಗೆ ಹಾಕಿ, ಎಲೆ ಮುಚ್ಚಿ, ತೋಡಿನ ಆಚೆ ದಡಕ್ಕೆ ಒಯ್ದು ಬಿಟ್ಟು ಬರುತ್ತಿದ್ದರು. "ಇವಳು ಈಚೆ ಮುಟ್ಟುವ ಮೊದಲೇ ಅವು ಮುಟ್ಟಿರ್ತವೆ," ಎಂದು ಮಾವ ತಮಾಷೆ ಮಾಡುತ್ತಿದ್ದರು. ಹದಿನೈದು ದಿನದಲ್ಲಿ ಅರ್ಧ ಸಾಲು ಹೋಯಿತು.

ನಮ್ಮ ಕಚೇರಿಗೆ ಆ ವರ್ಷ ಹೊಸ ಔಷಧಿಯ ಡಬ್ಬಿಗಳು ಬಂದಿದ್ದವು. ಎಣ್ಣೆಯಂಥ ಕಂದು ದ್ರವ. ನೀರಿಗೆ ಬಿದ್ದರೆ ಹಾಲಿನಂತಾಗುತ್ತಿತ್ತು. ಬೆಳ್ಳುಳ್ಳಿಯದೇ ವಾಸನೆ. ಒಂದು ಡಬ್ಬಿಯನ್ನೂ ಕೈಪಂಪನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಅಕ್ಕನ ಮನೆಗೆ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಇದು ಓಡಿಸ್ತದಾ, ಕೊಲ್ತದಾ?"

ಕೊಲ್ಲುತ್ತದೆ ಎಂದರೆ ಡಬ್ಬಿ ಬಂದ ದಾರಿಯಲ್ಲೇ ಹಿಂದೆ ಹೋಗುತ್ತಿತ್ತು. ಎದುರಿಗೆ ಜರಡಿಯಾದ ಎಲೆಗಳು. ಕಚೇರಿಯಲ್ಲಿ ನಾನು ತೋರಿಸಬೇಕಾಗಿದ್ದ ಒಂದು ಮಾದರಿ ತೋಟ. "ಓಡಿಸ್ತದೆ ಅಕ್ಕ," ಎಂದೆ. "ವಾಸನೆಗೆ ಹತ್ತಿರ ಬರುವುದಿಲ್ಲ."

ಅವರು ನನ್ನ ಮುಖವನ್ನು ನೋಡಿ, ಆಗಲಿ ಎಂದರು. ಸಿಂಪಡಿಸಿದ್ದು ನಾನೇ. ಬುಡದಲ್ಲಿ ಬಿದ್ದ ದುಂಬಿಗಳನ್ನು ಅವರು ಬರುವ ಮೊದಲು ಮಣ್ಣು ಸರಿಸಿ ಮುಚ್ಚಿದವನೂ ನಾನೇ.

ತೋಟ ಎದ್ದಿತು. ಬಳ್ಳಿ ಗದ್ದೆಯ ಅಂಚಿನ ಮಣ್ಣಿನ ಹುಣಿ ದಾಟಿತು. ಬೆಂಡೆ ದಿನ ಬಿಟ್ಟು ದಿನ ಒಂದು ಬುಟ್ಟಿ. ಮಳೆಗಾಲಕ್ಕೆಂದು ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮನೆಯ ಮಾಡಿನ ಅಡಿಯ ಮರದ ಪಕ್ಕಾಸಿಗೆ ತೂಗುಹಾಕುವುದು ಅಲ್ಲಿಯ ಪದ್ಧತಿ. ಆ ವರ್ಷ ಎರಡು ಪಕ್ಕಾಸು ತುಂಬಿದ ಮೇಲೂ ಮಿಕ್ಕಿತು. ಮಿಕ್ಕಿದ್ದನ್ನು ವಾರಕ್ಕೆ ಮೂರು ದಿನ ಬಸ್ಸಿನ ಮೇಲೆ ಮೂಡುಬಿದಿರೆಗೆ ಕಳಿಸತೊಡಗಿದರು. ಆ ತಿರುವಿನಲ್ಲಿ ಬಸ್ಸಿಗೆ ಸ್ಟಾಪ್ ಇರಲಿಲ್ಲ. ಅಕ್ಕನ ಸೌತೆಕಾಯಿಗಾಗಿ ನಿಲ್ಲತೊಡಗಿತು. ಕಂಡಕ್ಟರು ಅವರನ್ನು "ಸೌತೆ ಅಕ್ಕ" ಎಂದು ಕರೆಯುತ್ತಿದ್ದ. ಒಂದು ಕಾಯಿ ಅವನ ಮನೆಗೆ ಹೋಗುತ್ತಿತ್ತು.

ಆಮೇಲೆ ಹೊಸ ಕಾಯಿ ಎಳತಾಗಿರುವಾಗಲೇ ಹಣ್ಣುನೊಣ ಚುಚ್ಚಲು ಸುರುವಾಯಿತು. ಚುಚ್ಚಿದ ಕಾಯಿ ಬಾಗಿ, ಹಳದಿಯಾಗಿ, ಒಳಗಿಂದ ಕೊಳೆಯುತ್ತಿತ್ತು. ಮತ್ತೊಮ್ಮೆ ಸಿಂಪಡಿಸಬೇಕಿತ್ತು. ಅಷ್ಟರಲ್ಲಿ ನನಗೆ ಬಂಟ್ವಾಳದಲ್ಲಿ ಆರು ದಿನದ ತರಬೇತಿಯ ಕಾಗದ ಬಂತು. ಡಬ್ಬಿಯನ್ನು ಅಲ್ಲಿ ಬಿಟ್ಟು ಹೋಗುವಂತಿರಲಿಲ್ಲ, ಬೇರೆ ಊರಿಗೂ ಬೇಕಿತ್ತು. ಮನೆಯಲ್ಲಿ ಖಾಲಿ ಬಿದ್ದಿದ್ದ ಒಂದು ಮಿಕ್ಸ್ಚರ್ ಬಾಟಲಿ ಕೇಳಿ ತೆಗೆದುಕೊಂಡೆ. ಆಗ ಡಾಕ್ಟರುಗಳು ಕೊಡುತ್ತಿದ್ದಂಥದ್ದು: ಎಷ್ಟೆಷ್ಟು ಕುಡಿಯಬೇಕೆಂದು ತೋರಿಸಲು ಬದಿಯಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿದ್ದು. ಅದಕ್ಕೆ ಸುರಿದು, ಒಂದು ಚೀಟಿಯ ಮೇಲೆ ಮುದ್ದಾದ ಅಕ್ಷರದಲ್ಲಿ ಬರೆದು ಅಂಟಿಸಿದೆ.

"ಹುಳದ ಮದ್ದು. ಒಂದು ಸಲಕ್ಕೆ ಒಂದು ಚಮಚ."

ಒಂದು ಚಮಚ ಒಂದು ಸೀಮೆಎಣ್ಣೆ ಡಬ್ಬಿ ನೀರಿಗೆ ಎಂದು ಅಕ್ಕನಿಗೆ ಬಾಯಲ್ಲಿ ಹೇಳಿದ್ದೆ. ಚೀಟಿಯಲ್ಲಿ ಜಾಗ ಇರಲಿಲ್ಲ. 'ವಿಷ' ಎಂಬ ಎರಡಕ್ಷರಕ್ಕೆ ಜಾಗ ಇತ್ತು. ಅದನ್ನು ಬರೆದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ಮೇಲಾಗಿ ನಮ್ಮ ಕಡೆ ಎಲ್ಲದಕ್ಕೂ ಮದ್ದೆಂಬುದೊಂದೇ ಮಾತು. ಜ್ವರಕ್ಕೆ ಕುಡಿಯುವುದೂ ಮದ್ದು, ಗಿಡಕ್ಕೆ ಹೊಡೆಯುವುದೂ ಮದ್ದು. ಎಲೆಯ ಮೇಲಿನದೂ ಹುಳ, ಹೊಟ್ಟೆಯೊಳಗಿನದೂ ಹುಳ. ಇದು ಹೊಳೆಯಲು ನನಗೆ ಬೇರೆ ಓದು ಬೇಕಿರಲಿಲ್ಲ, ಅರೆಗಳಿಗೆ ಯೋಚಿಸಿದ್ದರೆ ಸಾಕಿತ್ತು. ಒಂದು ತಿಂಗಳಿಂದ ಹೊಟ್ಟೆನೋವೆನ್ನುತ್ತಿದ್ದ ಮಾವ, "ಹೆಲ್ತ್ ಇನ್ಸ್‌ಪೆಕ್ಟರರಿಗೆ ಹೇಳಿ ನನಗೊಂದು ಹುಳದ ಮದ್ದು ತರಿಸಿ ಕೊಡಿ ಸೇವಕರೇ," ಎಂದು ಎರಡು ಸಲ ಕೇಳಿದ್ದರು. ಎರಡು ಸಲವೂ ಆಯಿತು ಎಂದಿದ್ದೆ. ಎರಡು ಸಲವೂ ಮರೆತಿದ್ದೆ.

ಅಕ್ಕ ಬಾಟಲಿಯನ್ನು ಅಡಿಗೆಮನೆಗೆ ತರಗೊಡಲಿಲ್ಲ. ಜಗಲಿಯ ಗೋಡೆಯ ಗೂಡಿನಲ್ಲಿ, ಪಂಚಾಂಗದ ಹಿಂದೆ ಇಟ್ಟರು. ಆ ಆರು ದಿನ ಅವರು ಅದನ್ನು ಮುಟ್ಟಲೂ ಇಲ್ಲ. ತಾನೇ ಹೊಡೆಯಲು ಮನಸ್ಸಾಗಲಿಲ್ಲವಂತೆ. ಏಳನೆಯ ದಿನ ಬೆಳಿಗ್ಗೆ ನಾನು ಬಂದೆ. ಎಂಟೂ ಹತ್ತಕ್ಕೆ ಏತ ನಿಂತಿತು.

ಮಾವ ಕೆರೆಯ ದಡದಲ್ಲಿ ಕುಳಿತಿದ್ದರು. ಮೈಯೆಲ್ಲ ನೀರು. ಬಾಲ್ದಿಯ ನೀರೆಂದುಕೊಂಡೆ, ಬೆವರು. ಬಾಯಿಯಿಂದ ಜೊಲ್ಲು ನಿಲ್ಲದೆ ಇಳಿಯುತ್ತಿತ್ತು. ತೊಡೆಯ ಮಾಂಸ ತನ್ನಷ್ಟಕ್ಕೆ ಅದುರುತ್ತಿತ್ತು. ಪಕ್ಕದ ಗದ್ದೆಯವರು ಓಡಿ ಬಂದರು. ಅವರು ಮೊದಲು ನೋಡಿದ್ದು ಕಾಲನ್ನು. ಎಡಗಾಲಿನ ಮೇಲೆ ಎರಡು ಚುಕ್ಕಿ ರಕ್ತ. "ಹಾವು," ಎಂದರು. "ತೋಡಿನ ಆಚೆ ಪಂಡಿತರಲ್ಲಿಗೆ ಹೋಗುವ. ತಡ ಮಾಡುವುದು ಬೇಡ." ನಾಚಿಕೆಮುಳ್ಳು ತಾಗಿದರೂ ಹಾಗೆಯೇ ಎರಡು ಚುಕ್ಕಿ ಬರುತ್ತದೆ. ಆದರೆ ಆ ಗಳಿಗೆಯಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಪಂಡಿತರ ಮನೆ ಪೂರ್ವಕ್ಕೆ ಎರಡು ಮೈಲು. ಬಸ್ಸಿನ ರಸ್ತೆ ಪಶ್ಚಿಮಕ್ಕೆ.

ನಾನು ಅವರ ಮುಖದ ಹತ್ತಿರ ಬಗ್ಗಿದೆ. ಉಸಿರಿನಲ್ಲಿ ಬೆಳ್ಳುಳ್ಳಿ.

ಆ ಮನೆಯಲ್ಲಿ ಬೆಳ್ಳುಳ್ಳಿ ಇಲ್ಲ. ರೆಪ್ಪೆ ಎತ್ತಿ ನೋಡಿದೆ. ಮರದ ನೆರಳಿನಲ್ಲೂ ಕಣ್ಣಿನ ಪಾಪೆ ಸಾಸಿವೆಗಿಂತ ಚಿಕ್ಕದಾಗಿತ್ತು.

ಅಷ್ಟರಲ್ಲಿ ನನಗೆ ಎಲ್ಲ ಗೊತ್ತಾಗಿತ್ತು. ಆದರೂ ನಾನು ತಕ್ಷಣ ಬಾಯಿ ಬಿಡಲಿಲ್ಲ. ಎಷ್ಟು ಹೊತ್ತು? ಪಕ್ಕದ ಗದ್ದೆಯವರು ಮಾವನ ಕಂಕುಳಿಗೆ ಕೈ ಹಾಕಿ ಪೂರ್ವಕ್ಕೆ ತಿರುಗಿ ನಾಲ್ಕು ಹೆಜ್ಜೆ ಇಟ್ಟಿದ್ದರು. ನಾಲ್ಕು ಹೆಜ್ಜೆಯ ಹೊತ್ತು. ಹಾವೆಂದೇ ಆಗಿಬಿಟ್ಟರೆ ನನ್ನ ಕೆಲಸ ಉಳಿಯುತ್ತದೆ ಎಂದು ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದಿತ್ತು. ಇಷ್ಟು ವರ್ಷವಾದರೂ ನಾನು ಮತ್ತೆ ಮತ್ತೆ ಮರಳಿ ಹೋಗಿ ನಿಲ್ಲುವುದು ಆ ನಾಲ್ಕು ಹೆಜ್ಜೆಗಳಲ್ಲಿ.

"ಹಾವಲ್ಲ," ಎಂದೆ. "ಮಾವ, ಆ ಬಾಟಲಿಯದ್ದು ಕುಡಿದಿರಾ?"

ಮಾವ ಕಷ್ಟಪಟ್ಟು ತಲೆ ಎತ್ತಿದರು. "ಬೆಳಿಗ್ಗೆ ಬರಿ ಹೊಟ್ಟೆಗೆ. ಒಂದು ಚಮಚ. ನೀವೇ ಬರೆದಿದ್ದಲ್ವಾ?"

"ಅದು ಮದ್ದಲ್ಲ ಅಕ್ಕ. ವಿಷ."

ಅಕ್ಕ ಕೂಗಲಿಲ್ಲ. "ಓಡಿಸ್ತದೆ ಅಂದಿದ್ರಿ," ಎಂದರು. ಮಾವ ತೊದಲುತ್ತ, ಗಿಡದ್ದೇ ವಾಸನೆ ಬಂತು, ಹುಳವನ್ನೂ ಕೊಲ್ಲದ ಮದ್ದು ಮನುಷ್ಯನಿಗೆ ಎಂತ ಮಾಡ್ತದೆ ಎಂದು ಕುಡಿದೆ ಎಂದರು. ಆಮೇಲೆ ವಾಂತಿ ಮಾಡಿದರು.

ಡಬ್ಬಿಯೊಂದಿಗೆ ಬಂದಿದ್ದ ಮಡಚಿದ ಕಾಗದ ನನ್ನ ಚೀಲದಲ್ಲಿತ್ತು. ಇಂಗ್ಲಿಷ್, ಇರುವೆಯಂಥ ಅಕ್ಷರ. ಅದುವರೆಗೆ ನಾನು ಓದಿದ್ದು ನೀರಿನ ಪ್ರಮಾಣದ ಒಂದು ಸಾಲು ಮಾತ್ರ. ಈಗ ಕೊನೆಯಿಂದ ಓದಿದೆ. ಹಾಲು, ತುಪ್ಪ, ಎಣ್ಣೆ ಕೊಡಬಾರದು. ಪಕ್ಕದ ಗದ್ದೆಯವರ ಹೆಂಡತಿ ಅಷ್ಟರಲ್ಲಿ ತಂಬಿಗೆಯಲ್ಲಿ ಹಾಲು ತಂದಾಗಿತ್ತು, ತಡೆದೆ. ಕೊಡಬೇಕಾದ ಇಂಜೆಕ್ಷನ್ನಿನ ಹೆಸರು ಒಂದೇ ಇತ್ತು: ಅಟ್ರೋಪಿನ್. ಜಗಲಿಯ ಆರಾಮ ಕುರ್ಚಿಯಲ್ಲಿ ಮಾವನನ್ನು ಕೂರಿಸಿ, ನಾನೂ ಪಕ್ಕದ ಗದ್ದೆಯವರೂ ಎತ್ತಿಕೊಂಡು ಹುಣಿಯ ಮೇಲೆ ನಡೆದೆವು. ಅಕ್ಕ ಮುಂದೆ ಓಡಿದರು. ನಾವು ಗುಡ್ಡೆ ಹತ್ತುವಾಗಲೇ ಬಸ್ಸಿನ ಹಾರ್ನ್ ಕೇಳಿಸಿತು. ಆ ತಿರುವಿನಲ್ಲಿ ಅದು ಬೇರೆ ಯಾರಿಗಾಗಿಯೂ ನಿಲ್ಲುತ್ತಿರಲಿಲ್ಲ.

ನಿಂತಿತು. ಕಂಡಕ್ಟರು ಬಸ್ಸಿನ ಮೇಲಕ್ಕೆ ಏಣಿ ಹತ್ತುತ್ತ, "ಎಷ್ಟು ಗೋಣಿ ಅಕ್ಕ ಇವತ್ತು?" ಎಂದ. ಕುರ್ಚಿ ಕಂಡದ್ದೇ ಕೆಳಗೆ ಹಾರಿ ಹಿಂದಿನ ಸೀಟಿನವರನ್ನೆಲ್ಲ ಎಬ್ಬಿಸಿದ. ಆಮೇಲೆ ಬಸ್ಸು ಎಲ್ಲಿಯೂ ನಿಲ್ಲಲಿಲ್ಲ. ಕೈ ಅಡ್ಡ ಹಿಡಿದವರು ದಾರಿಬದಿಯಲ್ಲಿ ಬಯ್ಯುತ್ತ ಉಳಿದರು. ಮಾವನನ್ನು ಒಂದು ಮಗ್ಗುಲಾಗಿ ಮಲಗಿಸಿ, ಬಾಯಿಯ ಜೊಲ್ಲನ್ನು ನಾನು ನನ್ನ ಶಾಲಿನಿಂದ ತೆಗೆಯುತ್ತಿದ್ದೆ. ಎದೆಯೊಳಗೆ ಕೊಡ ತುಂಬುವಂಥ ಸದ್ದು. ಅಕ್ಕ ಅವರ ಎರಡೂ ಪಾದಗಳನ್ನು ಮಡಿಲಲ್ಲಿ ಇಟ್ಟುಕೊಂಡು ತುಟಿ ಅಲುಗಿಸುತ್ತಿದ್ದರು. ಅವರು ನನ್ನ ಕಡೆ ನೋಡಲಿಲ್ಲ.

ಮೂಡುಬಿದಿರೆಯ ಡಾಕ್ಟರು ಎಂತ ಕುಡಿದದ್ದು ಎಂದು ಕೇಳಿದ್ದಕ್ಕೆ ನಾನು ಕಾಗದವನ್ನೇ ಕೈಗೆ ಕೊಟ್ಟೆ. ಓದುತ್ತಲೇ ಸೂಜಿ ಚುಚ್ಚಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಬೇಕೂಂತ ಕುಡಿದದ್ದಾ? ಹಾಗಿದ್ದರೆ ಪೊಲೀಸಿಗೆ ಹೇಳಬೇಕಾಗ್ತದೆ," ಎಂದರು. ಅಕ್ಕ ಮಂಚದ ಸರಳು ಹಿಡಿದುಕೊಂಡರು. ಆ ಮನೆಗೆ ಸಾವಿಗಿಂತ ದೊಡ್ಡ ಮಾತು ಅದು. ನಾನು ಕಾಗದ ಕೇಳಿ ಅಲ್ಲಿಯೇ ಬರೆದೆ: ಬಾಟಲಿಗೆ ಸುರಿದವನು ನಾನು, ಚೀಟಿ ನನ್ನ ಅಕ್ಷರ, ವಿಷವೆಂದು ಹೇಳದೆ ಉಳಿದವನು ನಾನು. ಸಹಿ ಹಾಕಿ ಕೊಟ್ಟೆ. ಹೊರಡುವಾಗ ಗೂಡಿನಿಂದ ಚೀಲಕ್ಕೆ ಹಾಕಿಕೊಂಡಿದ್ದ ಬಾಟಲಿಯನ್ನೂ ಮೇಜಿನ ಮೇಲೆ ಇಟ್ಟೆ. ಡಾಕ್ಟರು ಚೀಟಿಯನ್ನು ಓದಿ, ನನ್ನನ್ನು ಒಮ್ಮೆ ನೋಡಿ, ಮುಂದಿನ ಸೂಜಿಗೆ ತಿರುಗಿದರು.

ಪ್ರತಿ ಹದಿನೈದು ನಿಮಿಷಕ್ಕೆ ಒಂದು ಇಂಜೆಕ್ಷನ್. "ಬಾಯಿ ಒಣಗಬೇಕು," ಎಂದರು ಡಾಕ್ಟರು. "ಒಣಗಿತೋ, ಉಳಿದರು." ಅಲ್ಲಿ ಇದ್ದದ್ದು ಕೆಲವೇ ಸೀಸೆ. ಮಧ್ಯಾಹ್ನಕ್ಕೆ ಸಾಲದು ಎಂದು ಅವರಿಗೆ ಮೊದಲೇ ಗೊತ್ತಿತ್ತು. ಬಸ್ಸು ಮಂಗಳೂರಿಗೆ ಮುಂದುವರಿಯುವ ಮೊದಲು ಚೀಟಿ ಬರೆದು ಕಂಡಕ್ಟರನ ಕೈಗೆ ಕೊಟ್ಟಿದ್ದರು. ಅದು ತಿರುಗಿ ಬರುವುದು ಮೂರು ಗಂಟೆಗೆ. ಒಂದೂವರೆಗೆ ಕೊನೆಯ ಸೀಸೆ ಮುಗಿಯಿತು.

ಆ ಒಂದೂವರೆ ಗಂಟೆಯಲ್ಲಿ ಮಾಡಲು ಏನೂ ಇರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಡಾಕ್ಟರು ಮಾವನ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಒದ್ದೆ. ಮತ್ತೆ ಒದ್ದೆ. ಎರಡು ಗಂಟೆಯ ಹೊತ್ತಿಗೆ ಉಸಿರಿನ ನಡುವಿನ ಅಂತರ ಹೆಚ್ಚಾಯಿತು. ಒಂದು ಉಸಿರಾದ ಮೇಲೆ ನಾನು ಎಣಿಸತೊಡಗುತ್ತಿದ್ದೆ. ಐದು, ಆರು, ಏಳು ಎನ್ನುವಾಗ ಮುಂದಿನದು ಬರುತ್ತಿತ್ತು. ಅಕ್ಕನೂ ಎಣಿಸುತ್ತಿದ್ದಾರೆ ಎಂದು ಅವರ ಬೆರಳುಗಳಿಂದ ತಿಳಿಯಿತು. ಒಂದು ಸಲ ಹನ್ನೊಂದಕ್ಕೆ ಹೋಯಿತು. ಡಾಕ್ಟರು ಎದ್ದು ಬಂದು ಎದೆಯನ್ನು ಒತ್ತತೊಡಗಿದರು.

ಮೂರಕ್ಕೆ ಐದು ನಿಮಿಷ ಇರುವಾಗ ಕಂಡಕ್ಟರು ಓಡುತ್ತ ಬಂದ. ಟಿಕೆಟಿನ ಚೀಲದೊಳಗೆ ಪುಟ್ಟ ರಟ್ಟಿನ ಪೆಟ್ಟಿಗೆ. ಒಡೆಯಬಾರದೆಂದು ಟಿಕೆಟ್ ಕಟ್ಟುಗಳ ನಡುವೆ ಇಟ್ಟು ತಂದಿದ್ದ. "ಸೌತೆ ಅಕ್ಕನ ಮಾವ ಇದ್ದಾರಾ?" ಎಂದು ಕೇಳಿದ. ಇದ್ದಾರೆ ಎಂದೆ. ಅಷ್ಟೇ ಸಾಕೆಂಬಂತೆ ಬಸ್ಸಿಗೆ ಓಡಿದ.

ಸಂಜೆ, ಹೊರಗೆ ಇನ್ನೂ ಬೆಳಕಿರುವಾಗ, ಮಾವ ಕಣ್ಣು ಬಿಟ್ಟರು. ಮುಖ ಕೆಂಪಾಗಿತ್ತು, ಪಾಪೆ ಅಗಲವಾಗಿತ್ತು. ನಾಲಿಗೆ ಹೊರಳಿಸಿ, "ಬಾಯಿ ಒಣಗ್ತಾ ಉಂಟು," ಎಂದರು. ಡಾಕ್ಟರು ಗೋಡೆಗೆ ಒರಗಿ ನಿಂತುಬಿಟ್ಟರು. ನೀರಿನ ಲೋಟ ತುಟಿಯ ಹತ್ತಿರ ಬಂದಾಗ ಮಾವ ಕೈ ಅಡ್ಡ ಮಾಡಿ, "ಹೊತ್ತು ಮುಳುಗಿತಾ?" ಎಂದು ಕೇಳಿದರು.

"ಇಲ್ಲ, ಇನ್ನೂ ಉಂಟು," ಎಂದರು ಅಕ್ಕ. ಅದು ನಿಜವಾಗಿತ್ತು. ಕಿಟಕಿಯ ಸರಳುಗಳ ಮೇಲೆ ಬಿಸಿಲಿತ್ತು.

ಆ ವರ್ಷ ನಮ್ಮ ಕಚೇರಿಗೆ ಎರಡು ಬಗೆಯ ಡಬ್ಬಿ ಬಂದಿದ್ದವು. ಇನ್ನೊಂದು ಬಗೆಯದಾಗಿದ್ದರೆ ಬಸ್ಸು ಬರುವವರೆಗೂ ಮಾವ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ನಾನು ಬರೆದುಕೊಟ್ಟ ಕಾಗದ ಪೊಲೀಸಿನವರಿಗೂ ಹೋಯಿತು, ನನ್ನ ಮೇಲಿನವರಿಗೂ ಹೋಯಿತು. ವಿಚಾರಣೆ ನಡೆಯಿತು, ಕೆಲಸ ಹೋಗಲಿಲ್ಲ, ಬೇರೆ ತಾಲೂಕಿಗೆ ವರ್ಗವಾಯಿತು. ಅದಕ್ಕೆ ಮೊದಲು ಒಂದು ತಿಂಗಳ ರಜೆ ಬರೆದು ಕೊಟ್ಟೆ.

ಅಕ್ಕ ಮಾವನ ಜೊತೆ ಮೂಡುಬಿದಿರೆಯಲ್ಲಿದ್ದ ಆರು ದಿನ ಏತ ಎಳೆದದ್ದು ನಾನು. ನನ್ನಿಂದ ದಿನಕ್ಕೆ ನಲವತ್ತು ಬಾಲ್ದಿ ಮೀರಲಿಲ್ಲ. ಗದ್ದೆಗೆ ಹೋಗುವ ಕಣಿಯಲ್ಲಿ ನೀರು ಅರ್ಧ ದಾರಿಗೇ ಇಂಗುತ್ತಿತ್ತು. ಆಚೆ ಗದ್ದೆಯ ಸೌತೆ ಬಳ್ಳಿ ಪೂರಾ ಒಣಗಿತು. ಕೆರೆಯ ಹತ್ತಿರದ ಬೆಂಡೆಯೂ ಹರಿವೆಯೂ ಉಳಿದವು. ತಿರುಗಿ ಬಂದ ಅಕ್ಕ ಮೊದಲು ಮಾಡಿದ್ದು ಪಕ್ಕಾಸಿನಲ್ಲಿ ತೂಗುತ್ತಿದ್ದ ಸೌತೆಕಾಯಿಗಳನ್ನೆಲ್ಲ ಇಳಿಸಿದ್ದು. ದೋಷವಿಲ್ಲ, ಸಿಂಪಡಿಸಿ ಬಹಳ ದಿನವಾದ ಮೇಲೆ ಕೊಯ್ದದ್ದು ಎಂದು ನಾನು ಹೇಳಬಹುದಿತ್ತು. ಹೇಳುವ ಬಾಯಿ ನನ್ನದಾಗಿ ಉಳಿದಿರಲಿಲ್ಲ. ಗುಡ್ಡೆಯಲ್ಲಿ ಹೊಂಡ ತೋಡಿ ಅಷ್ಟನ್ನೂ ಮುಚ್ಚಿದೆವು. ಮಣ್ಣು ಎಳೆಯುತ್ತಿರುವಾಗ ಅವರು ಹೇಳಿದರು, "ಕೊಲ್ತದೆ ಅಂತ ಹೇಳಿದ್ರೆ ನಾನು ಬೇಡ ಅನ್ನುತ್ತಿದ್ದೆ. ಹುಳ ತಿಂದು ಉಳಿದದ್ದು ನಮಗೆ ಸಾಕಿತ್ತು." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮತ್ತೆ ಉಸಿರು ಕಟ್ಟಬಹುದು, ಕೆಲವು ದಿನ ಯಾರಾದರೂ ಹತ್ತಿರ ಇರಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಾವ ಜಗಲಿಯ ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ, ಅಕ್ಕ ಬಾಗಿಲ ಒಳಗೆ. ಮಾವ ಗೊರಕೆ ಹೊಡೆಯುತ್ತಿದ್ದರು. ಗೊರಕೆ ನಿಂತರೆ ಸಾಕು, ನಾನು ಎದ್ದು ಕೂರುತ್ತಿದ್ದೆ. ಒಳಗೆ ಅಕ್ಕನ ಬಳೆ ಸದ್ದಾಗುತ್ತಿತ್ತು. ಕಣ್ಣು ಮುಚ್ಚಿದರೆ ಅರವತ್ತನಾಲ್ಕು ಎಂಬ ದನಿ. ಮುಂದಿನದಕ್ಕಾಗಿ ಕಾಯುತ್ತ ಬೆಳಗು ಮಾಡುತ್ತಿದ್ದೆ. ಹೀಗೆ ಎಂಟು ರಾತ್ರಿ. ಮಾವ ಮಾತ್ರ ಬೆಳಿಗ್ಗೆ ಎದ್ದು, "ಇಬ್ಬರ ಕಣ್ಣೂ ಹರಿವೆ ದಂಟಿನ ಹಾಗೆ ಕೆಂಪಾಗಿದೆ. ಕುಡಿದದ್ದು ನಾನಾ, ನೀವಾ?" ಎಂದು ಕೇಳುತ್ತಿದ್ದರು.

ಒಂಬತ್ತನೆಯ ರಾತ್ರಿ ಹೇಗೆ ಕಳೆಯಿತೋ ತಿಳಿಯದು. ಮುಖದ ಮೇಲೆ ಬಿಸಿಲು ಬಿದ್ದು ಎಚ್ಚರವಾಯಿತು. ಮಾವನ ಚಾಪೆ ಸುತ್ತಿಟ್ಟಿತ್ತು. ಎದ್ದು ನಿಂತೆ. ಅಕ್ಕನೂ ಆಗಷ್ಟೇ ಎದ್ದವರು, ಬಿಚ್ಚಿದ ಕೂದಲಿನಲ್ಲಿಯೇ ಹೊಸ್ತಿಲಿಗೆ ಬಂದು ಆ ಚಾಪೆಯನ್ನೂ ನನ್ನನ್ನೂ ನೋಡಿದರು.

ಆಗ ಕೆರೆಯ ಕಡೆಯಿಂದ ಏತದ ಸದ್ದು ಕೇಳಿಸಿತು. ಅದರ ಹಿಂದೆಯೇ, ಸ್ವಲ್ಪ ಏದುಸಿರಿನೊಂದಿಗೆ, ಮಾವನ ದನಿ.

"ಎಂಬತ್ತೆರಡು."

ಅರವತ್ತೈದು, ನಾವಿಬ್ಬರೂ ನಿದ್ದೆಯಲ್ಲಿದ್ದಾಗಲೇ ಬಂದು ಹೋಗಿತ್ತು.